ಮಾತಿನ ಒಬ್ಬಟ್ಟು

ಪಾತ್ರೆ ಅಂಗಡಿ ಪರಮಶಿವಯ್ಯನವರ ಮನೆಯಲ್ಲಿ ಮಕ್ಕಳು ಸುಮ್ಮನೆ ಬೆಳೆಯುವ ಹಾಗಿರಲಿಲ್ಲ. ಮಗು ಬೋರಲಾದರೆ ದೋಸೆ, ಅಂಬೆಗಾಲಲ್ಲಿ ಹೊಸ್ತಿಲು ದಾಟಿದರೆ ಕಾಯಿಕಡುಬು, ಎದ್ದು ಹೆಜ್ಜೆ ಇಟ್ಟರೆ ತಂಬಿಟ್ಟು, ಬಾಯಲ್ಲಿ ಮೊದಲ ಮಾತು ಬಂದರೆ ಒಬ್ಬಟ್ಟು. ಮಾಡಿ, ಬೀದಿಯ ಮನೆಮನೆಗೂ ಹಂಚಬೇಕು. ಅದು ಪರಮಶಿವಯ್ಯನವರ ತಾಯಿಯ ಕಾಲದಿಂದ ನಡೆದುಬಂದ ಶಾಸ್ತ್ರ. ತಾಯಿ ಹೋದ ಮೇಲೆ ಹೆಂಡತಿ ಕಮಲಾಕ್ಷಮ್ಮ ಅದನ್ನು ಇನ್ನಷ್ಟು ಬಿಗಿ ಮಾಡಿದ್ದರು. ಒಬ್ಬಟ್ಟು ತಟ್ಟುವುದರಲ್ಲಿ ಚನ್ನರಾಯಪಟ್ಟಣದ ಆ ಬೀದಿಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಅದು ಬೀದಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು.

ಮೊಮ್ಮಗಳು ಚಂದನಾಗೂ ದೋಸೆ ಆಯಿತು, ಕಡುಬು ಆಯಿತು. ಒಬ್ಬಟ್ಟಂತೂ ತಂಬಿಟ್ಟಿಗಿಂತ ಮೊದಲೇ, ಹತ್ತು ತಿಂಗಳಿಗೇ ಆಗಿಹೋಯಿತು. ಈಗ ಮಗುವಿಗೆ ಎರಡೂವರೆ ವರ್ಷ. ಒಬ್ಬಟ್ಟು ತಿಂದವರು ಬಾಯಿ ಒರೆಸಿಕೊಂಡು ಎಂದೋ ಮರೆತಿದ್ದರು. ಮಗುವಿನ ಬಾಯಿಂದ ಮಾತ್ರ ಒಂದು ಮಾತೂ ಹೊರಟಿರಲಿಲ್ಲ.

ಆ ಒಬ್ಬಟ್ಟಿನ ಒಳಗುಟ್ಟು ಕಮಲಾಕ್ಷಮ್ಮನವರೊಬ್ಬರಿಗೇ ಗೊತ್ತು. ಅವತ್ತು ಸೊಸೆ ಪ್ರತಿಭಾ ಹಾಸನಕ್ಕೆ ಹೋಗಿದ್ದಳು. ಶಾಂತಿಗ್ರಾಮದ ಸರ್ಕಾರಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿ, ಅದರ ಓಡಾಟ. ಮಧ್ಯಾಹ್ನ ಅರಕಲಗೂಡಿನಿಂದ ಓರಗಿತ್ತಿ ರೇವಮ್ಮ ಯಾರದೋ ಕೈಲಿ ಒಂದು ಡಬ್ಬಿ ಒಬ್ಬಟ್ಟು ಕಳಿಸಿದ್ದಳು. ಅವಳ ಮೊಮ್ಮಗ 'ತಾತ' ಅಂದನಂತೆ. ಆ ಹುಡುಗ ಚಂದನಾಗಿಂತ ಹದಿನೈದು ದಿನ ಚಿಕ್ಕವನು! ಕಮಲಾಕ್ಷಮ್ಮನವರ ಹೊಟ್ಟೆಗೆ ಬೆಂಕಿ ಬಿತ್ತು. ರೇವಮ್ಮನ ಮುಂದೆ ಸೋಲುವುದುಂಟೇ? ಚಂದನಾ ತೊಟ್ಟಿಲಲ್ಲಿ ಗಾಢ ನಿದ್ದೆಯಲ್ಲಿದ್ದಳು. ಕಮಲಾಕ್ಷಮ್ಮ ನೆಟ್ಟಗೆ ಅಡುಗೆಮನೆಗೆ ಹೋಗಿ ಕಣಕ ಕಲಸಿದರು. ಗಂಡ, ಮಗ ಅಂಗಡಿಯಿಂದ ಬರುತ್ತಲೂ, "ಅಮ್ಮ ಅಂತು ಕಣ್ರೀ! ನನ್ ಮಕ ನೋಡ್ಕಂಡು ಅಮ್ಮ ಅಂತು" ಅಂದುಬಿಟ್ಟರು.

ಸಂಜೆ ಬಸ್ಸಿಗೆ ಬಂದ ಪ್ರತಿಭಾ ಚಪ್ಪಲಿಯನ್ನೂ ಬಿಡದೆ ಮಗುವನ್ನು ಎತ್ತಿಕೊಂಡಳು. "ನಾನು ಇಲ್ದಾಗಲೇ ಅಂದ್ಬಿಟ್ಯಾ ಪುಟ್ಟಿ?" ಅಂತ ನಕ್ಕಳು, ಆಮೇಲೆ ಅತ್ತಳು. ಇವತ್ತಲ್ಲದಿದ್ದರೆ ಮುಂದಿನ ವಾರ ಹೇಗೂ ಅನ್ನುತ್ತೆ, ಒಂದು ವಾರ ಮುಂಚೆ ಒಬ್ಬಟ್ಟು ತಿಂದರೆ ಯಾರಪ್ಪನ ಗಂಟು ಹೋಯಿತು ಅಂದುಕೊಂಡರು ಕಮಲಾಕ್ಷಮ್ಮ. ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು.

ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು. ದೇವಸ್ಥಾನದ ಗಂಟೆ ತೊಳೆದ ನೀರು ಕುಡಿಸಿದ್ದಾಯಿತು. ತೊಂಬತ್ತೊಂಬತ್ತನೆಯ ಇಸವಿಯ ಜೂನ್‌ನಲ್ಲಿ ಶಾಲೆ ಶುರುವಾದ ವಾರ, ರಾತ್ರಿ ಊಟಕ್ಕೆ ಕೂತಾಗ ಪರಮಶಿವಯ್ಯ ಮುದ್ದೆ ಮುರಿಯುತ್ತ ಮಗನ ಕಡೆ ನೋಡಿ ಮಾತು ತೆಗೆದರು.

"ಗೌರೀಶ, ನಾನು ಬಾಳ ದಿನದಿಂದ ತಡ್ಕಂಡಿವ್ನಿ. ಅತ್ ತಿಂಗ್ಳಿಗೆ ಅಮ್ಮ ಅಂದ ಮಗ. ತಾಯಿ ಕೆಲ್ಸಕ್ಕೆ ಓದ್ಲು, ಮಗ ಬಾಯಿ ಮುಚ್ಕಂತು. ಕರೆಯಾಕೆ ಅಮ್ಮ ಎದ್ರಿಗೇ ಇಲ್ದಿದ್ ಮೇಲೆ ಅದು ಯಾರನ್ನ ಅಮ್ಮ ಅಂತದೆ, ಏಳು?"

ಪ್ರತಿಭಾ ತಟ್ಟೆ ಪಕ್ಕಕ್ಕೆ ಸರಿಸಿದಳು. "ಮಾವ, ನಮ್ಮ ಶಾಲೇಲಿ ಅರ್ಧಕ್ಕರ್ಧ ಮಕ್ಕಳ ತಾಯಂದ್ರು ಕೂಲಿಗೆ ಹೋಗ್ತಾರೆ. ಅವೆಲ್ಲ ಮಾತಾಡಲ್ವಾ?"

"ಅವರ ಮನೆ ಸುದ್ದಿ ನಂಗ್ಯಾಕವ್ವ? ನಂ ಮನೆ ಮಗ ಮೂಗಿ ಆಗ್ತಾ ಐತೆ."

"ಅಪ್ಪಾಜಿ, ಮೂಗಿ ಗೀಗಿ ಅನ್ಬೇಡಿ" ಅಂದ ಗೌರೀಶ. ತಾಯಿಯ ಕಡೆ ತಿರುಗಿದ. "ನೀನಾದ್ರೂ ಹೇಳಮ್ಮ."

ಕಮಲಾಕ್ಷಮ್ಮ ಸೌಟಿನಿಂದ ಅವರೆಕಾಳು ಸಾರು ಕಲಕುತ್ತ ನಿಂತಿದ್ದರು. ಹೇಳಬಹುದಿತ್ತು. ಆದರೆ ಸೊಸೆ ಕೆಲಸ ಬಿಟ್ಟು ಮನೆಯಲ್ಲಿದ್ದರೆ ತಮ್ಮ ಸೊಂಟಕ್ಕೂ ಒಂದಿಷ್ಟು ಬಿಡುವು ಸಿಗುತ್ತದಲ್ಲ ಅನ್ನುವ ಆಸೆಯೂ ಒಳಗೊಳಗೇ ಇತ್ತು. "ನಾನೇನೇಳ್ಲಪ್ಪ? ಬಿಸಿಬಿಸಿ ಉಣ್ಣಿ ಮದ್ಲು" ಅಂದರು.

ಹಾಸನದಲ್ಲಿ ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ ಹಂಸ ಅನ್ನುವವರಿದ್ದಾರೆ, ಒಂದು ಸಲ ತೋರಿಸೋಣ ಅಂದಳು ಪ್ರತಿಭಾ. ತೋರಿಸಿ, ಆದರೆ ಅವರ ಕೈಲೂ ಆಗದಿದ್ದರೆ ಶ್ರಾವಣದೊಳಗೆ ಕೆಲಸಕ್ಕೆ ರಾಜೀನಾಮೆ, ಇದು ನನ್ನ ಕೊನೇ ಮಾತು ಅಂದು ಕೈ ತೊಳೆದರು ಪರಮಶಿವಯ್ಯ.

ಶನಿವಾರ ಮಧ್ಯಾಹ್ನ ಹಾಸನದ ಬಸ್ಸು ಹತ್ತಿದರು. ಅಜ್ಜಿ ಬರದಿದ್ದರೆ ಮಗು ಹಟ ಮಾಡುತ್ತದೆ ಅನ್ನುವ ನೆಪ ಹೂಡಿ ಕಮಲಾಕ್ಷಮ್ಮನೂ ಹೊರಟರು. ಅಲ್ಲಿ ಏನೇನು ಕೇಳುತ್ತಾರೋ ಅನ್ನುವ ಅಳುಕು ಅವರಿಗೆ.

ಹಂಸಗೆ ಮೂವತ್ತರ ಆಚೀಚೆ. ಮಗುವಿನ ಹಿಂದೆ ಗಿಲಕಿ ಆಡಿಸಿದರು, ಗಂಟೆ ಬಾರಿಸಿದರು, ಬೇರೆ ಕೋಣೆಯಲ್ಲಿ ಯಂತ್ರದ ಪರೀಕ್ಷೆಯನ್ನೂ ಮಾಡಿದರು. ಕಿವಿ ಚೆನ್ನಾಗಿದೆ ಅಂದಾಗ ಪ್ರತಿಭಾ ಉಸಿರು ಬಿಟ್ಟಳು. ಆಮೇಲೆ ಹಂಸ ಎದುರು ಕೂತು ಒಂದೊಂದೇ ಕೇಳತೊಡಗಿದರು. ಕತ್ತು ನಿಂತದ್ದು ಎಂದು? ಬೋರಲಾದದ್ದು? ಕೂತದ್ದು? ನಡೆದದ್ದು?

ಪ್ರತಿಭಾ ತಡವರಿಸುವಷ್ಟರಲ್ಲಿ ಗೌರೀಶ, "ನಮ್ಮಮ್ಮನ್ನ ಕೇಳಿ ಮೇಡಂ, ಬಾಯಲ್ಲೇ ಇರ್ತದೆ" ಅಂದ.

"ದೋಸೆ ಮಾಡಿದ್ದು ಕಾರಹುಣ್ಣಿಮೆ ಆದ ವಾರ. ಕಡುಬು ಗೌರಿ ಅಬ್ಬಕ್ಕೆ ಮುಂಚೆ. ತಂಬಿಟ್ಟು ಶಿವರಾತ್ರಿಗೇ ಬಂತು, ಅಬ್ಬದ್ದೂ ಮಗಂದೂ ಎರಡೂ ಒಂದ್ರಾಗೇ ಆಗೋಯ್ತು" ಅಂದರು ಕಮಲಾಕ್ಷಮ್ಮ.

ಶಾಸ್ತ್ರದ ವಿಷಯ ಗೌರೀಶ ಬಿಡಿಸಿ ಹೇಳಿದ ಮೇಲೆ ಹಂಸಗೆ ನಗು. "ಪರವಾಗಿಲ್ವೇ! ಎಷ್ಟೋ ತಂದೆತಾಯಿಗೆ ತಿಂಗಳು ನೆನಪಿರಲ್ಲ. ಎಲ್ಲ ಸರಿಯಾದ ವಯಸ್ಸಿಗೇ ಆಗಿದೆ. ಮಾತು?"

"ಒಬ್ಬಟ್ಟು ಹತ್ತು ತಿಂಗಳಿಗೆ, ಮೇಡಂ" ಅಂದ ಗೌರೀಶ. "ಅಮ್ಮ ಅಂದ್ಲು. ಆಮೇಲೆ ನಿಂತೋಯ್ತು."

ಹಂಸರ ಮುಖದ ನಗು ಹೋಯಿತು. "ಪೂರ್ತಿ ನಿಂತುಹೋಯ್ತಾ? ಮತ್ತೆ ಒಂದು ಸಲವೂ ಇಲ್ವಾ?"

"ಇಲ್ಲ."

ಅವರು ಅದನ್ನು ಬರೆದುಕೊಂಡರು. "ನೋಡಿ, ತಡವಾಗಿ ಮಾತು ಬರೋದು ಬೇರೆ, ಬಂದ ಮಾತು ಹೋಗೋದು ಬೇರೆ. ಹೋಗಿದೆ ಅಂದ್ರೆ ನಾನು ಮೊದಲು ಬೆಂಗಳೂರಿಗೆ, ನರರೋಗದ ಡಾಕ್ಟರ ಹತ್ರ ಕಳಿಸ್ಬೇಕು. ಮಗೂಗೆ ಮತ್ತು ಬರೋ ಔಷಧಿ ಕೊಟ್ಟು ತಲೆ ಪರೀಕ್ಷೆ ಮಾಡ್ತಾರೆ. ಅದಾದ ಮೇಲೆ ನನ್ನ ಕೆಲಸ."

ಪ್ರತಿಭಾ ಕುರ್ಚಿಯ ತುದಿಗೆ ಸರಿದಳು. "ಮೇಡಂ, ನಾನು ಕೆಲಸ ಬಿಟ್ರೆ? ನಾಳೆನೇ ಬಿಟ್ಬಿಡ್ತೀನಿ. ಅದರಿಂದ ವಾಪಸ್ ಬರುತ್ತಾ?"

"ತಾಯಿ ಕೆಲಸಕ್ಕೆ ಹೋದ್ರು ಅಂತ ಮಗು ಮಾತು ಬಿಡಲ್ಲಮ್ಮ. ಅದಕ್ಕೇ ನಾನು ಡಾಕ್ಟರ ಹತ್ರ ಹೋಗಿ ಅನ್ನೋದು."

ಕಮಲಾಕ್ಷಮ್ಮನವರಿಗೆ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗಾಗಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಸೊಸೆ ಬೈಸಿಕೊಂಡಾಗ ಸುಮ್ಮನಿದ್ದದ್ದು ನಿಜ. ಆದರೆ ಈ ಎಳೇ ತಲೆಗೆ ಮತ್ತು ಕೊಟ್ಟು ಮಲಗಿಸುವುದೇ? ತಾವು ಹೇಳಿದ ಒಂದು ಸುಳ್ಳಿಗೆ? ಮಗು ಅವರ ತೊಡೆಯ ಮೇಲೆ ಕೂತು ಬಳೆ ತಿರುಗಿಸುತ್ತಿತ್ತು.

"ಅಂದಿಲ್ಲ" ಅಂದರು.

"ಏನಮ್ಮ?" ಅಂದ ಗೌರೀಶ.

"ಮಗ ಅಮ್ಮ ಅಂದಿಲ್ಲ ಕಣಪ್ಪ. ಅವತ್ತು ತೊಟ್ಲಲ್ಲಿ ಮಲಗಿತ್ತು. ರೇವಮ್ಮ ಒಬ್ಬಟ್ಟು ಕಳ್ಸುದ್ಲು, ನಂಗೆ ತಡೀಲಿಲ್ಲ. ಒಬ್ಬಟ್ಟು ಮಾಡಿದ್ದು ನಿಜ, ಮಗ ಅಂದಿದ್ದು ಸುಳ್ಳು."

ಪ್ರತಿಭಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಗೌರೀಶ ತಲೆ ತಗ್ಗಿಸಿದ. ಹಂಸ ಬರೆದದ್ದಕ್ಕೆ ಅಡ್ಡಗೆರೆ ಎಳೆದು, "ದೋಸೆ, ಕಡುಬು, ತಂಬಿಟ್ಟು?" ಅಂತ ಕೇಳಿದರು.

"ಅವೆಲ್ಲ ನಿಜ ಕಣಮ್ಮ. ಶಿವನಾಣೆ."

"ಹಾಗಾದ್ರೆ ಬೆಂಗಳೂರು ಈಗ ಬೇಡ. ಅಜ್ಜಿ, ನೀವು ಹೇಳಿದ್ದು ಒಳ್ಳೇದಾಯ್ತು."

ಅವರು ಗಾಜಿನ ಡಬ್ಬಿಯೊಂದರಲ್ಲಿ ಬಿಸ್ಕತ್ತು ಹಾಕಿ, ಮುಚ್ಚಳ ಬಿಗಿ ಮಾಡಿ ಮಗುವಿನ ಮುಂದಿಟ್ಟರು. ಮಗು ಡಬ್ಬಿ ನೋಡಿತು. ಅಷ್ಟೇ, ಕಮಲಾಕ್ಷಮ್ಮನವರ ಕೈ ಆಗಲೇ ಮುಚ್ಚಳದ ಮೇಲಿತ್ತು.

"ಅಜ್ಜಿ, ನಿಮ್ಮ ಕೈ ನೋಡ್ಕೊಳ್ಳಿ" ಅಂದರು ಹಂಸ. "ಮಗು ಇನ್ನೂ ಕೇಳೇ ಇಲ್ಲ."

"ಮಕ ನೋಡುದ್ರೆ ಗೊತ್ತಾಗಲ್ವಾ?"

"ನಿಮಗೆ ಗೊತ್ತಾಗುತ್ತೆ. ಅದಕ್ಕೇ ಅವಳು ಕೇಳೋ ಕಷ್ಟ ತಗೊಂಡಿಲ್ಲ. ಮಾತು ಬರದೇ ಇರೋಕೆ ಇದೇ ಕಾರಣ ಅಂತ ಅಲ್ಲ. ಬರೋ ಮಾತಿಗೆ ನೀವು ಜಾಗ ಬಿಡ್ತಾ ಇಲ್ಲ, ಅಷ್ಟೆ." ಅವರು ಪ್ರತಿಭಾಳ ಕಡೆ ತಿರುಗಿದರು. "ಮಾತಿಗೂ ಬೋರಲಾಗೋದು, ಅಂಬೆಗಾಲು ಎಲ್ಲ ಇದೆ. ಕಣ್ಣಲ್ಲಿ ಕಣ್ಣಿಟ್ಟು ನೋಡೋದು, ಬಬ್ಬಬ್ಬ ಅನ್ನೋದು, ಬೆರಳು ತೋರಿಸಿ ಕೇಳೋದು, ಆಮೇಲೆ ಒಂದು ಮಾತು. ಇವಳಿಗೆ ನಾವು ಹೇಳಿದ್ದು ಅರ್ಥ ಆಗುತ್ತೆ. ಆದರೆ ಬೆರಳು ಇನ್ನೂ ಎತ್ತಿಲ್ಲ. ಎರಡೂವರೆ ವರ್ಷ ಆಯ್ತು ಅಂತ ವಾಕ್ಯ ಹೇಳಿಸೋಕೆ ಹೋಗೋದು ಬೇಡ. ಎಲ್ಲಿ ನಿಂತಿದ್ದಾಳೋ ಅಲ್ಲಿಂದ ಶುರು ಮಾಡೋಣ. ಬೆರಳು ಎತ್ತೋವರೆಗೆ, ಇಲ್ಲ ಸದ್ದು ಮಾಡೋವರೆಗೆ ಯಾರೂ ಏನೂ ಕೈಗೆ ಕೊಡಬೇಡಿ. ಡಬ್ಬಿ ಹಿಡಿದು, ಅವಳ ಮುಖ ನೋಡ್ತಾ ಕಾಯಿರಿ. ಅವಳನ್ನ ಸೊಂಟದ ಮೇಲಿಂದ ಕೆಳಗಿಳಿಸಿ."

ವಾಪಸ್ಸಿನ ಬಸ್ಸು ಶಾಂತಿಗ್ರಾಮ ದಾಟಿತು. ತನ್ನ ಶಾಲೆಯ ತಿರುವು ಹಿಂದೆ ಹೋದ ಮೇಲೆ ಪ್ರತಿಭಾ, ಕಿಟಕಿಯ ಕಡೆಯೇ ಮುಖ ಮಾಡಿಕೊಂಡು ಅಂದಳು, "ನನ್ನ ಮಗಳ ಮೊದಲ ಮಾತು ನಾನು ಕೇಳ್ಲಿಲ್ಲವಲ್ಲ ಅಂತ ಎಷ್ಟು ಅತ್ತಿದ್ದೀನಿ ಗೊತ್ತಾ ಅತ್ತೆ? ಪಾಠ ಮಾಡ್ತಾ ಮಾಡ್ತಾ ನೆನಪಾಗಿ ಬೋರ್ಡಿನ ಕಡೆ ತಿರುಗಿ ಅತ್ತಿದ್ದೀನಿ. ಆಡದೇ ಇರೋ ಮಾತಿಗೆ ಅತ್ಬಿಟ್ಟೆನಲ್ಲ."

ಕಮಲಾಕ್ಷಮ್ಮ ಮಗುವಿನ ತಲೆಗೆ ಸೆರಗು ಹೊದಿಸಿದರು.

ಮನೆಯಲ್ಲಿ ಗೌರೀಶ ತಂದೆಗೆ ಎಲ್ಲ ಹೇಳಿದ. ಪರಮಶಿವಯ್ಯ ಕೂಗಾಡುತ್ತಾರೆ ಅಂದುಕೊಂಡಿದ್ದರೆ ಅವರು ಕೂಗಾಡಲಿಲ್ಲ. "ಬೀದಿಗೆಲ್ಲ ನಾನೇ ಕೈಯಾರೆ ಅಂಚಿದ್ನಲ್ಲೇ" ಅಂದು ಟವೆಲ್ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಎದ್ದುಹೋದರು. ರಾಜೀನಾಮೆಯ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಿದವಳು ಪ್ರತಿಭಾ, ಬೇರೆ ಮಾತನ್ನು. ಮಾರನೇ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ಗಂಡನಿಗೆ, ಅತ್ತೆಗೆ ಕೇಳುವ ಹಾಗೇ ಅಂದಳು, "ಶ್ರಾವಣ ಕಳೀಲಿ ರೀ. ಚಂದನಾನ ಹೊಳೆನರಸೀಪುರಕ್ಕೆ ಕರ್ಕೊಂಡು ಹೋಗ್ತೀನಿ. ನಮ್ಮಮ್ಮ ನೋಡ್ಕೊಳ್ತಾರೆ, ನಾನು ಅಲ್ಲಿಂದ್ಲೇ ಶಾಲೆಗೆ ಓಡಾಡ್ತೀನಿ."

"ಅಷ್ಟು ದೂರ ದಿನಾ ಎರಡು ಬಸ್ಸು ಹತ್ತಿ ಇಳೀತೀಯಾ?"

"ಇಳೀತೀನಿ. ಮಗು ದಿನವಿಡೀ ಯಾರ ಕೈಲಿರುತ್ತೋ ಅವರ ಮಾತು ನಾನು ನಂಬೋ ಹಾಗಿರ್ಬೇಕು."

ಒಗ್ಗರಣೆ ಸೀದ ವಾಸನೆ ಬಂದಾಗಲೇ ಕಮಲಾಕ್ಷಮ್ಮನವರಿಗೆ ಎಚ್ಚರ. ಚಂದನಾ ಇಲ್ಲದ ಮನೆ ಅವರಿಗೆ ಊಹೆಗೂ ನಿಲುಕಲಿಲ್ಲ. ಮನೆಯಲ್ಲಿ ಮಾತಾಡದವಳು ಅದುವರೆಗೆ ಒಬ್ಬಳಿದ್ದಳು, ಅವತ್ತಿಂದ ಇಬ್ಬರಾದರು. ಪ್ರತಿಭಾ ಅತ್ತೆಯೊಡನೆ ಉಪ್ಪು, ಹಾಲು, ಗ್ಯಾಸು, ಇಷ್ಟಕ್ಕೆ ಮಾತ್ರ ಬಾಯಿ ಬಿಡುತ್ತಿದ್ದಳು.

ಹಗಲೆಲ್ಲ ಮಗುವಿನೊಡನೆ ಇರುವವರು ಕಮಲಾಕ್ಷಮ್ಮ. ಹಂಸ ಹೇಳಿದ್ದನ್ನು ಅವರೇ ಮಾಡಬೇಕು. ಬೆಲ್ಲ ಕೊಬ್ಬರಿ ತುಂಬಿದ ಗಾಜಿನ ಡಬ್ಬಿ ಹಿಡಿದು ನಡುಮನೆಯಲ್ಲಿ ನೆಲಕ್ಕೆ ಕೂತರು. ಮಗು ನೋಡಿತು, ಕಾಯಿತು, ಅಜ್ಜಿಯ ಕೈ ಏಳದ್ದು ಕಂಡು ಕಿಟಾರನೆ ಕಿರುಚಿ ನೆಲದಲ್ಲಿ ಹೊರಳಾಡಿತು. ಕಮಲಾಕ್ಷಮ್ಮ ಮುಖ ನೋಡುತ್ತ ಕೂತೇ ಇದ್ದರು. ತಮ್ಮ ಕೈಯನ್ನು ತಾವೇ ತೊಡೆಯ ಕೆಳಗೆ ಇಟ್ಟುಕೊಂಡಿದ್ದರು.

ಪಕ್ಕದ ಮನೆ ಮಲ್ಲಿಗಮ್ಮ ಸೊಪ್ಪಿನ ಮೊರ ಹಿಡಿದೇ ಓಡಿಬಂದಳು. "ಅಯ್ಯೋ ಶಿವ್ನೇ, ಮಗ ಅಂಗ್ ಬಾಯ್ ಬಡ್ಕಂತಾ ಐತೆ, ಒಂದ್ ಚೂರು ಬೆಲ್ಲ ಕೊಟ್ರೆ ನಿನ್ ಗಂಟೇನ್ ಓದದು? ಕಲ್ಲು ಎದೆ ಕಣಮ್ಮ ನಿಂದು."

"ಓಗೇ, ನಿನ್ ಸೊಪ್ಪು ಸೋಸ್ಕೋ ಓಗು" ಅಂದರು ಕಮಲಾಕ್ಷಮ್ಮ. ಅವರ ಕಣ್ಣಲ್ಲಿ ನೀರಿತ್ತು.

ಒಂದು ದಿನ ಪರಮಶಿವಯ್ಯ ಊಟಕ್ಕೆ ಬಂದವರು ಮೆಲ್ಲನೆ ಮಗುವಿನ ಬಾಯಿಗೆ ಬೆಲ್ಲ ತುರುಕುವುದನ್ನು ಕಮಲಾಕ್ಷಮ್ಮ ಕಂಡರು. ಲಟ್ಟಣಿಗೆ ಹಿಡಿದೇ ಬಂದರು.

"ಅದು ಕೇಳ್ತಾ?"

"ಮಕ ನೋಡಕ್ಕಾಗ್ಲಿಲ್ಲ ಕಣೇ."

"ನಿಮ್ ಅಂಗ್ಡೀಲಿ ಗಿರಾಕಿ ಬಾಯಿ ಬಿಡೋಕ್ಮುಂಚೆ ಚೊಂಬು ಕಟ್ಕೊಟ್ಬುಡ್ತೀರಾ? ಏನ್ ಬೇಕು ಅಂತ ಕೇಳ್ತೀರಿ ತಾನೆ? ಇನ್ನೊಂದ್ ಸಲ ಇಂಗ್ ಮಾಡುದ್ರೆ ನಿಮ್ಗೂ ಬೆರಳು ತೋರ್ಸೋಗಂಟ ಮುದ್ದೆ ಇಕ್ಕಲ್ಲ."

ಪರಮಶಿವಯ್ಯ ಪಂಚೆಗೆ ಕೈ ಒರೆಸಿಕೊಂಡರು.

ಆಷಾಢದ ಗಾಳಿ ಬೀಸುವ ಹೊತ್ತಿಗೆ ಮಗು ಬಬ್ಬಬ್ಬ ಅನ್ನತೊಡಗಿತ್ತು. ಒಂದು ಬೆಳಿಗ್ಗೆ ಅಳುವುದು ನಿಲ್ಲಿಸಿ, ಪುಟ್ಟ ತೋರುಬೆರಳನ್ನು ಡಬ್ಬಿಗೆ ಚಾಚಿ ಅಜ್ಜಿಯ ಕಣ್ಣು ನೋಡಿತು. ಸಂಜೆ ಪ್ರತಿಭಾ ಬರುವುದನ್ನೇ ಕಾದು ಕಮಲಾಕ್ಷಮ್ಮ ಬಾಗಿಲಲ್ಲೇ ಅಂದರು, "ಬೆರಳು ತೋರ್ಸುದ್ಲು ಕಣಮ್ಮ! ಇವತ್ತು ತೋರ್ಸುದ್ಲು!"

ಪ್ರತಿಭಾ ಬ್ಯಾಗು ಇಳಿಸಿದಳು. "ನಾನು ನೋಡಿದ ಮೇಲೆ ನಂಬ್ತೀನಿ ಅತ್ತೆ."

ಎರಡು ದಿನಕ್ಕೆ ಅವಳೂ ನೋಡಿದಳು, ಮಗುವನ್ನು ಮುದ್ದಾಡಿದಳು. ಆದರೆ ಹೊಳೆನರಸೀಪುರದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ತವರಿಗೆ ಫೋನು ಮಾಡಿ, ಶ್ರಾವಣ ಮುಗಿಸಿಕೊಂಡು ಬರುತ್ತೇವೆ ಅಂತಲೂ ಹೇಳಿಯಾಗಿತ್ತು. ಮಗುವಿನ ಬಟ್ಟೆಗಳು ಒಂದು ಕಡೆ ಮಡಿಚಿ ಕೂತವು. ಅವುಗಳ ಕಡೆ ಕಮಲಾಕ್ಷಮ್ಮ ಕಣ್ಣು ಹಾಯಿಸುತ್ತಿರಲಿಲ್ಲ.

ಶ್ರಾವಣದ ಎರಡನೇ ವಾರ, ಗುರುವಾರ. ಪ್ರತಿಭಾ ಶಾಲೆಗೆ, ಗಂಡಸರು ತಿಂಡಿ ತಿಂದು ಅಂಗಡಿಗೆ ಹೋಗಿದ್ದರು. ಕಮಲಾಕ್ಷಮ್ಮ ಎಂದಿನಂತೆ ಡಬ್ಬಿ ಹಿಡಿದು ಕೂತರು. ಚಂದನಾ ಬೆರಳು ಚಾಚಿದಳು. ಕಮಲಾಕ್ಷಮ್ಮ ಕಾದರು. ಮಗು ಅವರ ಮುಖ ನೋಡಿ, ತುಟಿ ಬಿಚ್ಚಿ, ಸ್ಪಷ್ಟವಾಗಿ ಅಂದಿತು:

"ತಾ."

ಕಮಲಾಕ್ಷಮ್ಮ ಸರಕ್ಕನೆ ಮುಚ್ಚಳ ತಿರುಗಿಸಿದರು. ಬೆಲ್ಲ ಕೊಟ್ಟರು. ಇನ್ನೊಂದು ಚೂರು ಎತ್ತಿ ಹಿಡಿದರು. "ತಾ" ಅಂದಿತು ಮಗು ಮತ್ತೆ. ಅಯ್ಯೋ ನನ್ ಕಂದ! ಮಗುವನ್ನು ಅವಚಿಕೊಂಡು ಎದ್ದರು. ಮಲ್ಲಿಗಮ್ಮನಿಗೆ ಹೇಳಬೇಕು, ಅಂಗಡಿಗೆ ಹೇಳಿಕಳಿಸಬೇಕು, ಅರಕಲಗೂಡಿಗೆ ಫೋನು ಮಾಡಿ ಆ ರೇವಮ್ಮನ ಕಿವಿಗೆ ಹಾಕಬೇಕು! ಬೀದಿಬಾಗಿಲ ಹೊಸ್ತಿಲವರೆಗೂ ಓಡಿದರು.

ಅಲ್ಲೇ ನಿಂತರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಸೊಸೆ ಕಣ್ಣ ಮುಂದೆ ಬಂದಳು. ಇದನ್ನೂ ನಾನಿಲ್ಲದಾಗಲೇ ಅಂದಳಾ ಅಂತ ಅವಳು ಕೇಳಿದರೆ? ಮೆಲ್ಲನೆ ಬಾಗಿಲು ಮುಂದೆ ಮಾಡಿ ಒಳಗೆ ಬಂದರು. ಡಬ್ಬಿಯನ್ನು ಮಗುವಿನ ಕಣ್ಣಿಗೆ ಬೀಳದ ಹಾಗೆ ಅಟ್ಟದ ಮೇಲಿಟ್ಟರು. ಊಟಕ್ಕೆ ಬಂದ ಗಂಡನ ಮುಂದೆಯೂ ಉಸಿರೆತ್ತಲಿಲ್ಲ. ಜನ್ಮದಲ್ಲಿ ಅಷ್ಟು ಹೊತ್ತು ಅವರು ಬಾಯಿ ಕಟ್ಟಿಕೊಂಡಿದ್ದದ್ದಿಲ್ಲ. ಕೈ ಮಾತ್ರ ಸುಮ್ಮನಿರಲಾರದೆ ಅದರ ಪಾಡಿಗೆ ಅಡುಗೆಮನೆಯಲ್ಲಿ ಏನೋ ಮಾಡುತ್ತಲೇ ಇತ್ತು.

ಸಂಜೆ ಪ್ರತಿಭಾ ಬಂದು ಮುಖ ತೊಳೆದಳು. ಕಮಲಾಕ್ಷಮ್ಮ ಡಬ್ಬಿ ತಂದು ಅವಳ ಕೈಗಿಟ್ಟರು.

"ಇವತ್ತು ನೀನೇ ಕುಂತ್ಕಂಡು ಕೇಳ್ಸಮ್ಮ. ನಂಗೆ ಒಲೆ ಮುಂದೆ ಕೆಲ್ಸ ಐತೆ."

ಅಡುಗೆಮನೆಯ ಕದದ ಹಿಂದೆ ಸಂದಿಯಿಂದ ನೋಡುತ್ತ ನಿಂತರು. ಮಗು ಅಮ್ಮನನ್ನು ಕಂಡು ಕುಣಿಯಿತು, ಡಬ್ಬಿಗೆ ಬೆರಳು ಚಾಚಿತು. ಪ್ರತಿಭಾ ಕಾದಳು. ಮಗು ಕಿರುಚಿತು. ಪ್ರತಿಭಾ ಕಾದಳು. ಅನ್ನೇ ತಾಯಿ, ಒಂದು ಸಲ ಅನ್ನು, ನಿನ್ನ ಕಾಲಿಗೆ ಬೀಳುತ್ತೀನಿ ಅಂತ ಕಮಲಾಕ್ಷಮ್ಮ ಸೆರಗು ಬಾಯಿಗಿಟ್ಟುಕೊಂಡರು. ಅನ್ನದಿದ್ದರೆ? ಬೆಳಿಗ್ಗೆ ಅಂದದ್ದನ್ನು ಹೇಳಿದರೂ ಅದೂ ಸುಳ್ಳಿನ ಲೆಕ್ಕಕ್ಕೇ ಸೇರುತ್ತದಲ್ಲ. ಮಗು ಕಾಲು ಬಡಿಯಿತು, ಡಬ್ಬಿಯ ಮೇಲೆ ಕೈ ಹೊಡೆಯಿತು. ಸದ್ದು ನಿಂತಿತು.

"ತಾ."

"ಅತ್ತೆ!" ಪ್ರತಿಭಾ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಮಗುವನ್ನೆತ್ತಿಕೊಂಡು ಒಳಗೆ ನುಗ್ಗಿದಳು. "ಅತ್ತೆ, ತಾ ಅಂದ್ಲು! ನಂಗೆ ತಾ ಅಂದ್ಲು! ಕೇಳಿಸ್ತಾ ನಿಮಗೆ?"

ಕಮಲಾಕ್ಷಮ್ಮ ಒಲೆಯ ಕಡೆ ತಿರುಗಿಕೊಂಡರು. "ಇಲ್ಲ ಕಣಮ್ಮ, ಇಲ್ಲಿಗೆ ಕೇಳಿಸ್ಲಿಲ್ಲ. ನೀನೇ ಮದ್ಲು ಕೇಳಿದ್ದು."

ಪ್ರತಿಭಾ ನಗುತ್ತ, ಅಳುತ್ತ ಮಗುವಿನ ಕೆನ್ನೆಗೆ ಕೆನ್ನೆ ಒತ್ತಿದಳು. ಆಮೇಲೆ ಅವಳ ಕಣ್ಣು ಕಟ್ಟೆಯ ಮೇಲೆ ಬಿತ್ತು. ಹೂರಣ ರುಬ್ಬಿ ಉಂಡೆ ಕಟ್ಟಿ ಇಟ್ಟಿತ್ತು. ಪಕ್ಕದ ಬೋಗುಣಿಯಲ್ಲಿ ಕಣಕ, ಎಣ್ಣೆಯಲ್ಲಿ ಮುಳುಗಿ, ಮುಟ್ಟಿದರೆ ಬೆಣ್ಣೆ ಅನ್ನುವಷ್ಟು ನೆಂದಿತ್ತು. ಕಣಕ ಹಾಗೆ ನೆನೆಯಬೇಕಾದರೆ ಹೊತ್ತಾರೆಯೇ ಕಲಸಿರಬೇಕು. ಆ ಮನೆಗೆ ಸೊಸೆಯಾಗಿ ಬಂದು ಐದು ವರ್ಷವಾಗಿತ್ತು, ಅಷ್ಟು ಅವಳಿಗೂ ಗೊತ್ತು.

ಅವಳು ಕಣಕ ನೋಡಿದಳು, ಅತ್ತೆಯ ಬೆನ್ನು ನೋಡಿದಳು. ಕಮಲಾಕ್ಷಮ್ಮ ತಿರುಗಲಿಲ್ಲ, ಕಾವಲಿಯನ್ನು ಸುಮ್ಮಸುಮ್ಮನೆ ಒರೆಸುತ್ತಿದ್ದರು. ಪ್ರತಿಭಾ ಮಗುವನ್ನು ಕೆಳಗಿಳಿಸಿ, ಸೆರಗು ಸಿಕ್ಕಿಸಿ, ಬಾಳೆಎಲೆಯ ಚೂರಿಗೆ ಎಣ್ಣೆ ಸವರಿಕೊಂಡು ಅತ್ತೆಯ ಪಕ್ಕ ನಿಂತಳು.

"ಒಂದು ಡಬ್ಬಿ ಹೊಳೆನರಸೀಪುರಕ್ಕೂ ಕಳಿಸ್ಬೇಕು ಅತ್ತೆ. ನಾಳೆ ಯಾರ ಕೈಲಾದ್ರೂ ಕೊಟ್ಟು ಕಳಿಸೋಣ" ಅಂದಳು. "ನಾವು ಬರಲ್ಲ ಅಂತ ನಮ್ಮಮ್ಮಂಗೆ ನಾನೇ ಫೋನ್ ಮಾಡಿ ಹೇಳ್ತೀನಿ."